ಖೋಲಿ ಬಿಡಲು ಎಂಟು ದಿನ ಉಳಿದಿರುವ ತಮ್ಮನಿಗೆ

ತಮ್ಮಾ,

ನಿನ್ನ ಬರಹವನ್ನು ಎರಡು ಸಲ ಓದಿದೆ. ಮುಂಬಯಿಯ ಮಾನಖುರ್ದಿನ ಖೋಲಿಯನ್ನು ತಿಂಗಳ ಕೊನೆಗೆ, ಅಂದರೆ ಇನ್ನೆಂಟು ದಿನಗಳಲ್ಲಿ ಖಾಲಿ ಮಾಡಬೇಕೆಂದು ಮಾಲೀಕ ಹೇಳಿದ್ದಾನೆ. ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕರೆದುಕೊಂಡು ಎಲ್ಲಿಗೆ ಹೋಗಲಿ, ಬಡವರಿಗೆ ಸರಕಾರ ಕೊಡುವ ಮನೆ ಬೇಗ ಸಿಗುವ ದಾರಿ ಯಾವುದು ಎಂದು ಕೇಳಿದ್ದೀಯೆ. ಕೂಲಿಗೆ ಜನ ನಿಲ್ಲುವ ನಾಕಾದಲ್ಲಿ ಪರಿಚಯವಾದವನೊಬ್ಬ ಒಂದೂವರೆ ಲಕ್ಷ ಕೊಟ್ಟರೆ ಎರಡು ತಿಂಗಳಲ್ಲಿ ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರಕಾರದ ಗೃಹನಿರ್ಮಾಣ ಸಂಸ್ಥೆಯ ಮನೆ ಕೊಡಿಸುವೆನೆಂದೂ, ಇನ್ನೊಬ್ಬ ಹೆವಿ ಡಿಪಾಜಿಟ್, ಅಂದರೆ ದೊಡ್ಡ ಮುಂಗಡದ ಮೇಲೆ ಖೋಲಿ ತೋರಿಸಿರುವನೆಂದೂ ಬರೆದಿದ್ದೀಯೆ. ಇಬ್ಬರಿಗೂ ಒಂದು ರೂಪಾಯಿ ಕೊಡಬೇಡ.

ನಾನು ಬಂದದ್ದು 1983ರ ಕಾರಹುಣ್ಣಿಮೆ ಮುಗಿದ ವಾರ. ಇಂಡಿ ರೋಡಿನಿಂದ ಮೀಟರ್‌ಗೇಜ್ ಗಾಡಿಯಲ್ಲಿ ಸೊಲ್ಲಾಪುರ, ಅಲ್ಲಿಂದ ಬೊಂಬಾಯಿ ಗಾಡಿ. ಕೈಯಲ್ಲಿ ಕಟಕ್ ರೊಟ್ಟಿಯ ಗಂಟು, ಕಿಸೆಯಲ್ಲಿ ಸೋದರಮಾವನ ವಿಳಾಸ. ಮಾವ ಲಾಲಬಾಗಿನ ಚಾಳಿನಲ್ಲಿದ್ದ ಬಟ್ಟೆ ಗಿರಣಿ ಕಾರ್ಮಿಕ. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಅವನ ಪಗಾರ ನಿಂತು ಒಂದೂವರೆ ವರ್ಷವಾಗಿತ್ತು. ಹತ್ತು ಬೈ ಹನ್ನೆರಡರ ಖೋಲಿಯಲ್ಲಿ ಒಂಬತ್ತು ಜನ. ಗಂಡಸರು ಪಾಳಿಯ ಮೇಲೆ ಮಲಗುತ್ತಿದ್ದೆವು, ಉಳಿದವರು ಪಡಸಾಲೆಯಲ್ಲಿ ಮಳೆಯ ಎರಚಲಿಗೆ ಚಾದರ ಎಳೆದುಕೊಂಡು ಬೆಳಗು ಮಾಡುತ್ತಿದ್ದರು. ಆದರೂ ನನ್ನನ್ನು ಯಾರೂ ‘ಎಷ್ಟು ದಿನ ಇರುತ್ತೀ’ ಎಂದು ಕೇಳಲಿಲ್ಲ. ಈ ಮಾತನ್ನು ಇಲ್ಲಿ ಬರೆಯಲು ಕಾರಣವಿದೆ, ಮುಂದೆ ತಿಳಿಯುತ್ತದೆ.

ಮೊದಲು ಎಂಟು ದಿನಗಳ ಮಾತು. ಬಾಯಿಮಾತಿನಲ್ಲಿ ‘ಬಿಡು’ ಎಂದ ಮಾತ್ರಕ್ಕೆ ಮಾಲೀಕನಿಗೆ ನಿನ್ನ ಸಾಮಾನನ್ನು ಓಣಿಗೆ ಎಸೆಯುವ ಅಧಿಕಾರ ಬರುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಲೀವ್ ಅಂಡ್ ಲೈಸೆನ್ಸ್, ಅಂದರೆ ಗೊತ್ತಾದ ಅವಧಿಗೆ ಮಾತ್ರ ವಾಸಕ್ಕೆ ಬಿಡುವ ಕರಾರಿನ ಅವಧಿ ತೀರಿದ್ದರೂ ಅವನು ಸಕ್ಷಮ ಅಧಿಕಾರಿಯ ಮುಂದೆ ಅರ್ಜಿ ಹಾಕಿ ಆದೇಶ ತರಬೇಕು. ಬಾಡಿಗೆದಾರನ ನೀರು, ವಿದ್ಯುತ್ತು ಕಡಿಯುವುದನ್ನು ಅದೇ ಕಾಯ್ದೆ ನಿಷೇಧಿಸುತ್ತದೆ. ನಿನ್ನ ಬಳಿ ಕರಾರುಪತ್ರವೇ ಇಲ್ಲವೆಂದು ಅಂಜಿದ್ದೀಯೆ. ಕರಾರನ್ನು ಬರೆಸಿ ನೋಂದಾಯಿಸುವ ಹೊಣೆಯನ್ನು ಕಾಯ್ದೆಯ 55ನೆಯ ಕಲಮು ಮಾಲೀಕನ ಮೇಲೆಯೇ ಹೊರಿಸಿದೆ, ಹಾಗೆ ಮಾಡದಿದ್ದರೆ ಷರತ್ತುಗಳ ವಿಷಯದಲ್ಲಿ ಬಾಡಿಗೆದಾರ ಹೇಳಿದ್ದೇ ಸುಳ್ಳೆಂದು ಸಾಬೀತಾಗುವ ತನಕ ನಿಲ್ಲುತ್ತದೆ. ಆದಕಾರಣ ಫೋನಿನಲ್ಲಿ ಬಾಡಿಗೆ ಕಳಿಸಿದ ದಾಖಲೆಗಳನ್ನೆಲ್ಲ ತೆಗೆದಿಡು. ಅವನು ಕೈಮಾಡಲು ಬಂದರೆ 112ಕ್ಕೆ ಕರೆ ಮಾಡು. ಪುಕ್ಕಟೆ ವಕೀಲರ ನೆರವಿಗೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ, ನಿನ್ನ ಹೆಂಡತಿಯ ಹೆಸರಿನಲ್ಲಿ ಕೇಳಿದರೆ ಆದಾಯದ ಪ್ರಶ್ನೆಯೂ ಬರುವುದಿಲ್ಲ. ಹಾಗೆಂದು ಹಟಕ್ಕೆ ಕೂಡಬೇಡ. ಅವಧಿ ಮುಗಿದ ಮೇಲೆ ಉಳಿದವರಿಂದ ಎರಡು ಪಟ್ಟು ಹಣ ವಸೂಲು ಮಾಡುವ ಅವಕಾಶವೂ ಆ ಕಾಯ್ದೆಯಲ್ಲಿದೆ. ಈ ತಿಳಿವಳಿಕೆಯಿಂದ ನೀನು ಗಳಿಸಬೇಕಾದದ್ದು ಹದಿನೈದು ದಿನವೋ ತಿಂಗಳೋ, ಅಷ್ಟೇ, ಮನೆಯನ್ನಲ್ಲ.

ಒಂದು ರಾತ್ರಿಯ ಆಸರೆಯೇ ಬೇಕಾಯಿತೆಂದರೆ ಮನೆಯಿಲ್ಲದವರಿಗಾಗಿ ಪಾಲಿಕೆಯ ಬೇಘರ್ ನಿವಾರಾ ಕೇಂದ್ರಗಳಿವೆ, ಹಣ ಕೊಡಬೇಕಾಗಿಲ್ಲ. ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ಇಪ್ಪತ್ತನಾಲ್ಕು ಗಂಟೆ ತೆರೆದಿರುವ ಆಶ್ರಯ ಇರಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ಹೇಳಿದೆ. 2011ರ ಜನಗಣತಿಯಲ್ಲಿ ಒಂದು ಕೋಟಿ 24 ಲಕ್ಷ ಜನರಿದ್ದ ಮುಂಬಯಿಯಲ್ಲಿ ಆ ಲೆಕ್ಕಕ್ಕೆ ನೂರಿಪ್ಪತ್ತಕ್ಕಿಂತ ಹೆಚ್ಚು ಇರಬೇಕಿತ್ತು, ಅಷ್ಟು ಇಲ್ಲ. ಇರುವವುಗಳಲ್ಲಿಯೂ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ಎಂಬುದೇ ಹೆಚ್ಚು, ಗಂಡ ಹೆಂಡತಿ ಮಕ್ಕಳು ಒಂದೇ ಸೂರಿನಡಿ ಇರುವ ಅನುಕೂಲ ಅಪರೂಪ. ನಿನ್ನ ಭಾಗ ಎಂ ಪೂರ್ವ ವಾರ್ಡಿಗೆ ಸೇರುತ್ತದೆ. ಸಾಮಾನು ಹೊತ್ತುಕೊಂಡು ರಾತ್ರಿ ಹತ್ತಕ್ಕೆ ಹುಡುಕುವ ಬದಲು ನಾಳೆ ಹಗಲಿನಲ್ಲಿಯೇ ವಾರ್ಡ್ ಕಚೇರಿಗೆ ಹೋಗಿ ಜಾಗ ಎಲ್ಲಿದೆ ಎಂದು ಕೇಳಿಕೊಂಡು ಬಾ. ನಿವಾರಾ ಎಂದೊಡನೆ ಮಾನ ಹೋಯಿತೆಂದು ನಮ್ಮ ಕಡೆಯವರು ಪ್ಲಾಟ್‌ಫಾರ್ಮಿನಲ್ಲಿ ಮಲಗುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಎಂಥ ಮಾನ ಉಳಿಯುತ್ತದೆಂದು ನನಗೆ ಇನ್ನೂ ತಿಳಿದಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮಿನ ಕರ್ನಾಟಕ ಸಂಘ ಇವೆಯಲ್ಲ ಎಂದಿದ್ದೀಯೆ. ನಮ್ಮ ಭಾಷೆಯನ್ನು ಈ ಊರಲ್ಲಿ ಉಳಿಸಿದ ಮನೆಗಳು ಅವು, ಮನೆ ಹಂಚುವ ಕಚೇರಿಗಳಲ್ಲ.

ಇನ್ನು ಮ್ಹಾಡಾ ಮನೆ. ಅಲ್ಪ ಆದಾಯದವರಿಗೆ ಅದು ನಿಜವಾದ ದಾರಿಯೇ. ವರ್ಷಕ್ಕೆ ಆರು ಲಕ್ಷದೊಳಗೆ ದುಡಿಯುವ ಕುಟುಂಬ ಇಲ್ಲಿ ಅತಿ ಕೆಳಗಿನ ಗುಂಪಿನಲ್ಲಿ ಅರ್ಜಿ ಹಾಕಬಹುದು. ಆದರೆ ಅರ್ಜಿದಾರ ಮಹಾರಾಷ್ಟ್ರದಲ್ಲಿ 15 ವರ್ಷ ನೆಲೆಸಿದ್ದಕ್ಕೆ ಡೊಮಿಸೈಲ್ ಪ್ರಮಾಣಪತ್ರ ಬೇಕು, ನೀನು ಬಂದು ಇನ್ನೂ ಎರಡು ಯುಗಾದಿ ಕಳೆದಿಲ್ಲ. ಅರ್ಜಿ ಆನ್‌ಲೈನ್, ಆಯ್ಕೆ ಕಂಪ್ಯೂಟರಿನ ಲಾಟರಿ, ಮ್ಹಾಡಾ ಯಾವ ಏಜಂಟನನ್ನೂ ನೇಮಿಸಿಲ್ಲ. ಹೀಗಿರುವಾಗ ನಾಕಾದ ಆ ಮನುಷ್ಯ ಮಾರುತ್ತಿರುವುದು ಏನನ್ನು ಎಂದು ನೀನೇ ಯೋಚಿಸು. ನಾನು ಏಳು ಸಲ ಅರ್ಜಿ ಹಾಕಿ ಏಳು ಸಲವೂ ಹೆಸರು ಬಾರದೆ, ಕೊನೆಗೆ ಸಾಲ ಮಾಡಿ ಕಲ್ಯಾಣದಲ್ಲಿ ಒಂದು ರೂಮು, ಹಾಲ್, ಅಡುಗೆಮನೆ ಮಾಡಿಕೊಂಡೆ. ಮಾವನ ಕಥೆ ಇನ್ನೂ ದೊಡ್ಡದು. ಮುಷ್ಕರದ ಕಾಲದ ಗಿರಣಿ ಕಾರ್ಮಿಕರಿಗೆ ಗಿರಣಿಗಳ ಜಾಗದಲ್ಲಿ ಮನೆ ಕೊಡುವ ಲಾಟರಿ ಮೊದಲು ಎತ್ತಿದ್ದು 2012ರಲ್ಲಿ, ಲಕ್ಷಕ್ಕೂ ಹೆಚ್ಚು ಅರ್ಜಿಗಳು; ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದ ಮಾವ ಅದರಲ್ಲಿ ತನ್ನ ಹೆಸರು ನೋಡದೆಯೇ ಹೋದ. ‘ಬೇಗ’ ಎಂಬ ಮಾತನ್ನು ಸರಕಾರಿ ಮನೆಯ ಜೊತೆ ಸೇರಿಸಿ ಯಾರಾದರೂ ಆಡಿದರೆ ನನಗೆ ಆ ಟ್ರಂಕು ಕಣ್ಣಿಗೆ ಬರುತ್ತದೆ. ಪ್ರಧಾನಮಂತ್ರಿ ಆವಾಸ ಯೋಜನೆಗೆ ದೇಶದ ಯಾವ ಮೂಲೆಯಲ್ಲಿಯೂ ನಿನ್ನ ಕುಟುಂಬದ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಊರ ಮನೆ ಯಾರ ಹೆಸರಿನಲ್ಲಿದೆ ಎಂದು ನಿನ್ನ ಅಪ್ಪನನ್ನು ಕೇಳಿಡು.

ಹೆವಿ ಡಿಪಾಜಿಟ್ಟಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ. ದೊಡ್ಡ ಗಂಟನ್ನು ಒಮ್ಮೆಗೇ ಕೊಡುವುದು, ತಿಂಗಳ ಬಾಡಿಗೆ ಇಲ್ಲ ಅಥವಾ ನಾಮಮಾತ್ರ, ಬಿಡುವಾಗ ಗಂಟು ವಾಪಸು. ಕೇಳಲು ಇದಕ್ಕಿಂತ ಲಾಭದ ವ್ಯವಹಾರವಿಲ್ಲ. 2001ರ ಬೇಸಗೆಯಲ್ಲಿ ನಮ್ಮೂರಿನ, ನನ್ನ ಓರಗೆಯ ಒಬ್ಬನು ಒಂದು ಜೋಡಿ ಎತ್ತನ್ನೂ ಹೆಂಡತಿಯ ಬೋರಮಾಳವನ್ನೂ ಮಾರಿ ಎಪ್ಪತ್ತು ಸಾವಿರ ತಂದಿದ್ದ. ಖೋಲಿ ಚೆನ್ನಾಗಿತ್ತು, ನಳವಿತ್ತು, ಕಿಟಕಿಗೆ ಗಾಳಿ ಬರುತ್ತಿತ್ತು. ನೂರು ರೂಪಾಯಿಯ ಸ್ಟ್ಯಾಂಪ್ ಕಾಗದದ ಮೇಲೆ ಮರಾಠಿಯಲ್ಲಿ ಬರೆದ ಕರಾರು, ಕೆಳಗೆ ನೋಟರಿಯ ಕೆಂಪು ಮುದ್ರೆ. ಹದಿನೆಂಟು ವರ್ಷ ಮರಾಠಿ ಮಾತಾಡಿದ್ದ ನಾನು ಓದುವವನಾಗಿ ಹೋದೆ. ಕಾಗದದ ಜೊತೆಗಿದ್ದ ಹಳೆಯ ಭಾಡೆ ಪಾವತಿಯಲ್ಲಿ, ಅಂದರೆ ಬಾಡಿಗೆ ರಸೀದಿಯಲ್ಲಿ, ಬೇರೊಬ್ಬನ ಹೆಸರಿತ್ತು. ಖೋಲಿ ಕೊಡುವವನನ್ನು ಕೇಳಿದೆ, ತನ್ನ ಅಣ್ಣನ ಹೆಸರೆಂದ. ಅದೇ ಪಾವತಿಯಲ್ಲಿ ‘ಸಂಕ್ರಮಣ ಗಾಳಾ’ ಎಂದಿತ್ತು. ನಮಗೆ ಸಂಕ್ರಮಣ ಎಂದರೆ ಸಜ್ಜಿರೊಟ್ಟಿ, ಕುಸುರೆಳ್ಳು, ಹೊಳೆಯ ಸ್ನಾನ. ‘ಒಳ್ಳೆಯ ಶಕುನ, ಕುಸುರೆಳ್ಳು ಹಂಚುವ ಖೋಲಿ’ ಎಂದು ಅವನಿಗೆ ಚೇಷ್ಟೆ ಮಾಡಿ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದೆ.

ಕಚೇರಿಯ ಮರಾಠಿಯಲ್ಲಿ ಗಾಳಾ ಎಂದರೆ ಖೋಲಿ, ಸಂಕ್ರಮಣ ಶಿಬಿರ ಎಂದರೆ ಟ್ರಾನ್ಸಿಟ್ ಕ್ಯಾಂಪು. ಹಳೆಯ ಕಟ್ಟಡ ಬೀಳುವಂತಾದಾಗ ಅದರಲ್ಲಿದ್ದವರನ್ನು, ಕಟ್ಟಡ ಮತ್ತೆ ಕಟ್ಟುವ ತನಕ ಇರಿಸುವ ತಾತ್ಪೂರ್ತಿಕ ಜಾಗ ಅದು. ಯಾರ ಹೆಸರಿಗೆ ಕೊಟ್ಟಿದೆಯೋ ಅವರು ಮಾತ್ರ ಇರಬೇಕು, ಮಾರುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಈ ಶಬ್ದದ ಅರ್ಥವನ್ನು ಚಾಳಿನ ಯಾವ ಮುದುಕನನ್ನು ಕೇಳಿದ್ದರೂ ಹೇಳುತ್ತಿದ್ದ. ಕೇಳಿದರೆ ನನಗೆ ಗೊತ್ತಿಲ್ಲವೆಂದು ಊರವನ ಮುಂದೆ ತೋರಿದಂತಾಗುತ್ತಿತ್ತು, ಅದಕ್ಕೆ ಕೇಳಲಿಲ್ಲ. ಮರುವರ್ಷ ಆಗಸ್ಟಿನ ಮಳೆಯಲ್ಲಿ ಅಧಿಕಾರಿಗಳು ಬಂದು ಖೋಲಿಗೆ ಮೊಹರು ಹಾಕಿದರು. ಹಣ ಪಡೆದವನ ಸುಳಿವಿರಲಿಲ್ಲ. ನಮ್ಮ ಕಾಗದಕ್ಕೆ ನೋಂದಣಿ ಇರಲಿಲ್ಲ, ನೋಟರಿ ಮುದ್ರೆ ಸಹಿ ಯಾರದೆಂದು ಹೇಳುತ್ತದೆಯೇ ಹೊರತು ಖೋಲಿ ಯಾರದೆಂದು ಹೇಳುವುದಿಲ್ಲ ಎಂಬುದು ನನಗೆ ಅಂದು ತಿಳಿಯಿತು. ಗೆಳೆಯ, ಅವನ ಏಳು ತಿಂಗಳ ಬಸುರಿ ಹೆಂಡತಿ, ಒಂದು ಮಗು ನನ್ನ ಖೋಲಿಗೆ ಬಂದರು. ಹನ್ನೊಂದು ದಿನ ಇದ್ದರು. ನನ್ನ ಮಾಲೀಕ ನೀರಿನ ವಿಷಯಕ್ಕೆ ಗೊಣಗುತ್ತಿದ್ದ, ನನ್ನ ಮುಖದಲ್ಲಿಯೂ ಅದು ಕಂಡಿರಬೇಕು. ಹನ್ನೊಂದನೆಯ ಬೆಳಗ್ಗೆ ಆ ತಾಯಿ ಪಾತ್ರೆಗಳನ್ನೆಲ್ಲ ತಿಕ್ಕಿ ಬೋರಲು ಹಾಕಿ, ಊರಿಗೆ ಹೊರಡುತ್ತೇವೆ ಎಂದಾಗ ನಾನು ‘ಇರಿ’ ಎನ್ನಲಿಲ್ಲ. ಜಾತ್ರೆಗೆ ಹೋದಾಗ ಅವನು ಈಗಲೂ ದೂರದಿಂದ ತಲೆಯಾಡಿಸುತ್ತಾನೆ, ಹತ್ತಿರ ಬರುವುದಿಲ್ಲ.

ನೀನು ಮಾಡಬೇಕಾದದ್ದು ಇಷ್ಟು: ಎರಡು ಮೂರು ತಿಂಗಳ ಬಾಡಿಗೆಯಷ್ಟೇ ಡಿಪಾಜಿಟ್ ಕೇಳುವ ಖೋಲಿಯನ್ನು ದಿವಾ, ಕಲ್ಯಾಣ, ಬದಲಾಪುರದ ಕಡೆ ಹುಡುಕು, ನಾಕಾ ದೂರವಾಗುತ್ತದೆ, ಲೋಕಲ್ ಪಾಸು ತೆಗೆಸು. ಹನ್ನೊಂದು ತಿಂಗಳ ಕರಾರನ್ನು ಆಧಾರ್ ಮತ್ತು ಬೆರಳಚ್ಚಿನೊಂದಿಗೆ ಆನ್‌ಲೈನಿನಲ್ಲಿ ನೋಂದಾಯಿಸಬಹುದು, ಪಾಲಿಕೆಯ ಹದ್ದಿನಲ್ಲಿ ನೋಂದಣಿ ಶುಲ್ಕ ಸಾವಿರ ರೂಪಾಯಿ. ಮಾಲೀಕನ ಹೆಸರು ವಿದ್ಯುತ್ ಬಿಲ್ಲಿನಲ್ಲಿಯೂ ಖರೀದಿಯ ನೋಂದಣಿ ದಾಖಲೆಯಾದ ‘ಇಂಡೆಕ್ಸ್-2’ರಲ್ಲಿಯೂ ಒಂದೇ ಇದೆಯೇ ಎಂದು ನೋಡು. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಮಕ್ಕಳ ಶಾಲೆ ಜಾಗ ಗೊತ್ತಾದ ಮೇಲೆ. ಊರ ರೇಷನ್ ಕಾರ್ಡಿನ ಮೇಲೆ ಇಲ್ಲಿಯೂ ಧಾನ್ಯ ಸಿಗುತ್ತದೆ, ಬೆರಳಚ್ಚು ಕೊಟ್ಟರೆ ಆಯಿತು.

ಭಾನುವಾರ ಬೆಳಗ್ಗೆ ನಾಲ್ವರೂ ಕಲ್ಯಾಣಕ್ಕೆ ಬನ್ನಿ, ಊಟಕ್ಕೆ ಪುಂಡಿಪಲ್ಯ ರೊಟ್ಟಿ ಇರುತ್ತದೆ. ಬ್ರೋಕರ್ ಕೊಟ್ಟ ಕಾಗದಗಳಿದ್ದರೆ ಎಲ್ಲವನ್ನೂ ತಾ. ಪ್ರತಿ ಸಾಲನ್ನೂ ಓದುತ್ತೇನೆ, ತಿಳಿಯದ ಶಬ್ದವನ್ನು ಕೆಳಗಿನ ಮಹಡಿಯಲ್ಲಿರುವ ನಿವೃತ್ತ ಮರಾಠಿ ಗುಮಾಸ್ತರ ಬಳಿ ಕೇಳೋಣ. ತಿಂಗಳ ಕೊನೆಯೊಳಗೆ ಖೋಲಿ ಸಿಗದಿದ್ದರೆ ಸಾಮಾನು ಸಮೇತ ಬಂದುಬಿಡಿ, ನಮ್ಮ ಹಾಲ್ ಖಾಲಿಯಿದೆ. ಎಷ್ಟು ದಿನ ಎಂದು ನಾನೂ ಕೇಳುವುದಿಲ್ಲ, ನನ್ನ ಹೆಂಡತಿಯೂ ಕೇಳುವುದಿಲ್ಲ. ಅಲ್ಲಿಯ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡ.