ಮನೆ ಹತ್ತಿರದ ಸ್ಪೋರ್ಟ್ಸ್ ಅಂಗಡಿ ಉಳಿಯುತ್ತದಾ? ಕೈಕೆಲಸ ಇದ್ದರೆ ಉಳಿಯುತ್ತದೆ

ನೀವು ಕೇಳಿರುವುದು ಇಷ್ಟು: ಅಮೆರಿಕದಲ್ಲಿ ಅಷ್ಟು ದೊಡ್ಡ ಸ್ಪೋರ್ಟ್ಸ್ ಅಂಗಡಿಗಳೇ ಬಾಗಿಲು ಹಾಕಿಕೊಂಡವು, ಇಲ್ಲಿ ನೋಡಿದರೆ ಫ್ರಾನ್ಸ್‌ನ ದೊಡ್ಡ ಸ್ಪೋರ್ಟ್ಸ್ ಕಂಪನಿ ಡೆಕಾಥ್ಲಾನ್ ಇದೆ, ಆನ್‌ಲೈನ್ ಇದೆ, ಹೀಗಿರುವಾಗ ಬೆಂಗಳೂರಿನ ವಿಜಯನಗರದಲ್ಲಿ ನಿಮ್ಮ ತಂದೆ ನಡೆಸುವ ಸಣ್ಣ ಅಂಗಡಿಗೆ ಮುಂದೆ ದಾರಿ ಇದೆಯಾ, ಇಲ್ಲ ಈಗಲೇ ಮುಚ್ಚಿಬಿಡುವುದು ಒಳ್ಳೆಯದಾ?

ಮುಚ್ಚಬೇಡಿ. ನಾನು ರಾಜಾಜಿನಗರದ ಕಡೆ ಇಂಥದ್ದೇ ಒಂದು ಅಂಗಡಿಯಲ್ಲಿ ಕೆಲಸ ಕಲಿತವನು, ಈಗ ಅದನ್ನೇ ನಡೆಸುತ್ತಿದ್ದೇನೆ. ಇದು ನನ್ನ ಹೊಟ್ಟೆಪಾಡು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಅಮೆರಿಕದ ವಿಷಯ ಮುಗಿಸೋಣ, ಯಾಕೆಂದರೆ ಅದನ್ನು ಎಲ್ಲರೂ ಅರ್ಧ ಓದಿ ಹೆದರುತ್ತಾರೆ. ಅಲ್ಲಿ ಸ್ಪೋರ್ಟ್ಸ್ ಅಥಾರಿಟಿ ಅಂತ ಒಂದು ದೊಡ್ಡ ಕಂಪನಿ ಇತ್ತು. 2016ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಕೆಲವೇ ತಿಂಗಳಲ್ಲಿ 450ಕ್ಕೂ ಹೆಚ್ಚು ಅಂಗಡಿಗಳು ಖಾಲಿಯಾದವು. ಜನ ಆಡುವುದನ್ನು ಬಿಟ್ಟರು ಅಂತ ಇದಾಗಲಿಲ್ಲ. 2006ರಲ್ಲಿ ಒಂದು ಹೂಡಿಕೆ ಕಂಪನಿ ಸಾಲ ಎತ್ತಿ ಅದನ್ನು ಕೊಂಡುಕೊಂಡಿತ್ತು, ಆ ಸಾಲ ಅಂಗಡಿಯ ತಲೆ ಮೇಲೇ ಬಂತು. ಮುಳುಗುವ ಹೊತ್ತಿಗೆ ನೂರು ಕೋಟಿ ಡಾಲರ್‌ಗೂ ಜಾಸ್ತಿ ಸಾಲ. ಬಂದದ್ದೆಲ್ಲ ಬಡ್ಡಿಗೆ ಹೋದರೆ ಅಂಗಡಿ ರಿಪೇರಿ ಮಾಡಿಸುವುದಕ್ಕೆ, ಒಳ್ಳೆಯ ಹುಡುಗರನ್ನು ಇಟ್ಟುಕೊಳ್ಳುವುದಕ್ಕೆ, ಆನ್‌ಲೈನ್ ಮಾರಾಟ ಕಟ್ಟುವುದಕ್ಕೆ ಎಲ್ಲಿಂದ ದುಡ್ಡು ಬರಬೇಕು? ಮರುವರ್ಷ, 2017ರಲ್ಲಿ, ಬೇಟೆ ಮತ್ತು ಕ್ಯಾಂಪಿಂಗ್ ಸಾಮಾನಿನ ಗ್ಯಾಂಡರ್ ಮೌಂಟನ್ ದಿವಾಳಿಯಾಯಿತು. ಅದೇ ವರ್ಷ ಅದೇ ಥರದ ಸಾಮಾನಿನ ಕ್ಯಾಬೆಲಾಸ್ ತನ್ನ ಪ್ರತಿಸ್ಪರ್ಧಿ ಬಾಸ್ ಪ್ರೋ ಕೈಸೇರಿತು.

ಆದರೆ ಸ್ಪೋರ್ಟ್ಸ್ ಅಥಾರಿಟಿಯ ಹೆಸರನ್ನು ಒಂದೂವರೆ ಕೋಟಿ ಡಾಲರ್‌ಗೆ ಕೊಂಡದ್ದು ಯಾರು? ಡಿಕ್ಸ್ ಅನ್ನುವ ಇನ್ನೊಂದು ದೊಡ್ಡ ಅಂಗಡಿಯೇ. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಅನ್ನುವ ಊರಲ್ಲಿ ಮೀನು ಹಿಡಿಯುವ ಗಾಳ, ಎರೆ ಮಾರುವ ಸಣ್ಣ ಅಂಗಡಿಯಾಗಿ ಶುರುವಾದದ್ದು ಅದು. 2025ರಲ್ಲಿ ಶೂ ಮಾರುವ ದೊಡ್ಡ ಕಂಪನಿ ಫುಟ್ ಲಾಕರನ್ನೇ ಕೊಂಡುಕೊಂಡಿತು. ಸಿಯಾಟಲ್‌ನಲ್ಲಿ 1938ರಲ್ಲಿ ಬೆಟ್ಟ ಹತ್ತುವವರೇ ಸೇರಿ ಕಟ್ಟಿದ ಸಹಕಾರಿ ಸಂಘ ಆರ್‌ಇಐ ಇವತ್ತಿಗೂ ನಡೆಯುತ್ತಿದೆ. ಹಾಗಾಗಿ ದೊಡ್ಡದು ಸೋತಿತು, ಸಣ್ಣದು ಗೆದ್ದಿತು ಅಂತಲೂ ಹೇಳೋಕಾಗಲ್ಲ. ಸಾಲದ ಮೇಲೆ ನಿಂತದ್ದು, ಬರೀ ಡಬ್ಬಿ ಎತ್ತಿಕೊಟ್ಟು ಬಿಲ್ ಹಾಕುತ್ತಿದ್ದದ್ದು ಬಿತ್ತು. ಡಬ್ಬಿ ಎತ್ತಿಕೊಡುವ ಕೆಲಸವನ್ನು ಇಂಟರ್‌ನೆಟ್ ಅದಕ್ಕಿಂತ ಅಗ್ಗವಾಗಿ ಮಾಡುತ್ತದೆ, ಅಲ್ವಾ?

ಈಗ ನಮ್ಮೂರು. ಡೆಕಾಥ್ಲಾನ್ ಭಾರತದಲ್ಲಿ ಮೊದಲ ಅಂಗಡಿ ತೆರೆದದ್ದು ಇಲ್ಲೇ, ಸರ್ಜಾಪುರ ರಸ್ತೆಯಲ್ಲಿ, 2009ರಲ್ಲಿ. ಆಗ ವಿದೇಶಿ ಬಂಡವಾಳದ ನಿಯಮದಿಂದಾಗಿ ಅದು ಹೋಲ್‌ಸೇಲ್ ಲೆಕ್ಕದ ಅಂಗಡಿ. ಎಲ್ಲರೂ ನೇರವಾಗಿ ಹೋಗಿ ಕೊಳ್ಳುವ ಹಾಗಾದದ್ದು 2013ರಲ್ಲಿ ಅನುಮತಿ ಸಿಕ್ಕ ಮೇಲೆ. ಅವರು ಬಂದಾಗ ನಮ್ಮ ಸಾಲಿನ ಅಂಗಡಿಯವರೆಲ್ಲ ಕಥೆ ಮುಗಿಯಿತು ಅಂದುಕೊಂಡಿದ್ದರು. ನಿಜ ಹೇಳಬೇಕೆಂದರೆ ಅವರಿಂದ ಈ ಊರಿಗೆ ಒಳ್ಳೆಯದೇ ಆಗಿದೆ. ಹಿಂದೆ ಟೆಂಟ್ ಅಂದರೆ ದುಡ್ಡಿರುವವರ ವಸ್ತು. ಈಗ ಪಿಜಿಯಲ್ಲಿರುವ ಹುಡುಗನೂ ಒಂದು ಟೆಂಟ್ ತಗೊಂಡು ಶನಿವಾರ ರಾತ್ರಿ ಬಸ್ ಹತ್ತುತ್ತಾನೆ. ಮಕ್ಕಳಿಗೆ ಮೊದಲ ಶೂ, ಮೊದಲ ರಾಕೆಟ್, ಮೊದಲ ಸ್ಕೇಟ್ಸ್ ಅಲ್ಲಿ ಸಿಗುತ್ತದೆ. ನನ್ನ ಅಂಗಡಿಗೆ ಬರುವ ಎಷ್ಟೋ ಜನ ಮೊದಲ ಸಾಮಾನು ಅಲ್ಲಿ ಕೊಂಡವರೇ, ಎರಡನೆಯದಕ್ಕೆ ನಮ್ಮಲ್ಲಿಗೆ ಬರುತ್ತಾರೆ.

ನಮ್ಮೂರಲ್ಲಿ ನಿಜವಾಗಿ ಸೋತವರು ನಡುವಿನವರು. ಮುಖ್ಯ ರಸ್ತೆಯಲ್ಲಿ ಎಸಿ ಹಾಕಿಸಿ, ಬಾಡಿಗೆ ಜೊತೆಗೆ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿ, ನಾಲ್ಕೈದು ಬ್ರ್ಯಾಂಡ್ ಇಟ್ಟುಕೊಂಡು ಕೂತವರು. ಸಾಮಾನು ಆನ್‌ಲೈನ್‌ನಲ್ಲಿ ಸಿಗುವುದೇ, ಬೆಲೆ ಮಾತ್ರ ಅದಕ್ಕಿಂತ ಜಾಸ್ತಿ. ಕೌಂಟರ್‌ನಲ್ಲಿರುವ ಹುಡುಗನಿಗೆ ಟೆನ್ನಿಸ್ ಬಾಲ್ ಬ್ಯಾಟ್ ಯಾವುದು, ಲೆದರ್ ಬಾಲ್ ಬ್ಯಾಟ್ ಯಾವುದು ಅಂತಲೂ ಗೊತ್ತಿರುವುದಿಲ್ಲ. ಅಂಥ ಕಡೆಗೆ ಯಾರಾದರೂ ಯಾಕೆ ಎರಡನೇ ಸಲ ಹೋಗಬೇಕು?

ನಿಮ್ಮ ತಂದೆಯ ಅಂಗಡಿ ಬಗ್ಗೆ ನಾನು ಕೇಳುವ ಮೊದಲ ಪ್ರಶ್ನೆಯೇ ಇದು: ಅಲ್ಲಿ ಕೈಕೆಲಸ ಏನೇನು ನಡೆಯುತ್ತದೆ?

ಗಟ್ಟಿಂಗನ್ನೇ ತಗೊಳ್ಳಿ, ಅಂದರೆ ಬ್ಯಾಡ್ಮಿಂಟನ್ ರಾಕೆಟ್‌ಗೆ ಹೊಸ ಗಟ್ (ದಾರ) ಎಳೆದು ಕಟ್ಟುವುದು. ಒಬ್ಬರು ಹರಿದ ರಾಕೆಟ್ ತಂದುಕೊಟ್ಟರೆ ನಾನು ಮೊದಲು ನೋಡುವುದು ಗಟ್ ಎಲ್ಲಿ ಹರಿದಿದೆ ಅಂತ. ನಡುವೆ ಸವೆದು ಹರಿದಿದ್ದರೆ ಅದರ ಆಯಸ್ಸು ಮುಗಿದಿದೆ, ಅಷ್ಟೇ. ಮೇಲೆ ಫ್ರೇಮ್ ಹತ್ತಿರ ಹರಿದಿದ್ದರೆ ಕಾಕ್ ಸರಿಯಾದ ಜಾಗಕ್ಕೆ ಬೀಳುತ್ತಿಲ್ಲ, ಇಲ್ಲವೇ ಫ್ರೇಮ್ ತೂತಿನಲ್ಲಿರುವ ಪುಟ್ಟ ಪ್ಲಾಸ್ಟಿಕ್ ಗ್ರಾಮೆಟ್ ಒಡೆದು ಅಂಚು ಗಟ್ಟನ್ನು ಕುಯ್ಯುತ್ತಿದೆ. ಬೆರಳ ತುದಿಯಲ್ಲಿ ಸವರಿದರೆ ಗೊತ್ತಾಗುತ್ತದೆ. ಆ ಒಂದು ಗ್ರಾಮೆಟ್ ಬದಲಾಯಿಸದೆ ಎಷ್ಟು ದುಬಾರಿ ಗಟ್ ಹಾಕಿದರೂ ವಾರದಲ್ಲಿ ವಾಪಸ್ ಬರುತ್ತಾರೆ, ಬೈದುಕೊಂಡು. ಆಮೇಲೆ ಫ್ರೇಮನ್ನು ಮೆಷಿನ್ ಮೇಲೆ ಸುತ್ತಲೂ ಬಿಗಿಯಾಗಿ ಕೂರಿಸಬೇಕು, ಸಡಿಲ ಬಿಟ್ಟರೆ ಎಳೆತಕ್ಕೆ ತಲೆಯ ಆಕಾರವೇ ಕೆಡುತ್ತದೆ. ಉದ್ದದ ಎಳೆಗಳನ್ನು ನಡುವಿನಿಂದ ಶುರುಮಾಡಿ ಎಡಕ್ಕೆ ಬಲಕ್ಕೆ ಸಮವಾಗಿ ಎಳೆಯಬೇಕು, ಆಮೇಲೆ ಅಡ್ಡ ಎಳೆಗಳನ್ನು ಒಂದರ ಮೇಲೆ ಒಂದರ ಕೆಳಗೆ ನೇಯುತ್ತಾ ಹೋಗಬೇಕು.

ಇದೆಲ್ಲಕ್ಕಿಂತ ಮುಖ್ಯ, ಕೇಳಿದ ಟೆನ್ಷನ್, ಅಂದರೆ ಗಟ್ಟಿನ ಬಿಗಿ, ಅವರಿಗೆ ಬೇಕಾ ಅಂತ ನೋಡುವುದು. ಹತ್ತು ವರ್ಷದ ಹುಡುಗ ಬಂದು 28 ಪೌಂಡ್ ಹಾಕಿ ಅಂಕಲ್ ಅಂತಾನೆ, ಯಾರೋ ದೊಡ್ಡ ಆಟಗಾರರದ್ದು ನೋಡಿರುತ್ತಾನೆ. ಆ ಕೈಗೆ 20, 22 ಸಾಕು. 28 ಹಾಕಿದರೆ ಕಾಕ್ ದೂರ ಹೋಗುವುದಿಲ್ಲ, ಅವನು ಇನ್ನೂ ಜೋರಾಗಿ ಬೀಸುತ್ತಾನೆ, ಭುಜ ನೋವು ಬರುತ್ತದೆ. ಅವನಿಗೂ ಅವರಮ್ಮನಿಗೂ ನಿಂತು ಅದನ್ನು ವಿವರಿಸಬೇಕು. ಹಾಗೆ ವಿವರಿಸಿದ ಮನೆಯವರು ಮತ್ತೆ ಬೇರೆ ಅಂಗಡಿಗೆ ಹೋದದ್ದನ್ನು ನಾನು ಕಂಡಿಲ್ಲ. ದೊಡ್ಡ ಅಂಗಡಿಗಳಲ್ಲೂ ಗಟ್ಟಿಂಗ್ ಮೆಷಿನ್ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಹುಡುಗನ ಹೋದ ಸಲದ ರಾಕೆಟ್ ನೆನಪಿರುವ ಮನುಷ್ಯ ಅಲ್ಲೇ ಸಿಗುತ್ತಾನೆ ಅನ್ನುವ ಖಾತ್ರಿ ಇಲ್ಲ.

ಲೆಕ್ಕವನ್ನೂ ನೋಡಿ. 200 ಮೀಟರ್ ರೀಲ್ ತಂದರೆ ಒಂದು ರಾಕೆಟ್‌ಗೆ ಸುಮಾರು ಹತ್ತು ಮೀಟರ್ ಲೆಕ್ಕದಲ್ಲಿ ಇಪ್ಪತ್ತು ರಾಕೆಟ್ ಆಗುತ್ತದೆ. ಬಿಡಿ ಪ್ಯಾಕೆಟ್‌ಗಿಂತ ಅಗ್ಗ. ಮೇಲೆ ಕೂಲಿ ಪೂರ್ತಿ ನಿಮ್ಮದೇ. ರಾಕೆಟ್ ಮಾರಿದರೆ ಒಂದೇ ಸಲ ಲಾಭ, ಗಟ್ಟಿಂಗ್‌ನವರು ತಿರುಗಿ ತಿರುಗಿ ಬರುತ್ತಾರೆ.

ಷಟಲ್ ಕಾಕ್ ಇನ್ನೊಂದು. ಗರಿಯ ಕಾಕ್‌ಗೆ 16 ಗರಿ, ತೂಕ 4.74ರಿಂದ 5.50 ಗ್ರಾಂ, ಡಬ್ಬಿ ಮೇಲೆ 75, 76, 77, 78 ಅಂತ ವೇಗದ ನಂಬರ್, ನಂಬರ್ ಏರಿದಷ್ಟೂ ವೇಗ ಜಾಸ್ತಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಕಾಕ್ ಬೇಗ ಓಡುತ್ತದೆ, ಬಿಸಿಲು ಏರಿದರೆ ಇನ್ನೂ ಬೇಗ. ಅಷ್ಟೇ ಬಿಸಿಲಿರುವ ತಗ್ಗಿನ ಊರಲ್ಲಿ ಸರಿಹೋಗುವ ನಂಬರ್ ಇಲ್ಲಿ ಲೈನ್ ದಾಟಿ ಬೀಳುತ್ತದೆ. ಆನ್‌ಲೈನ್‌ನಲ್ಲಿ ಆಫರ್ ನೋಡಿ 78ರ ಡಬ್ಬಿಗಳನ್ನು ಒಟ್ಟಿಗೆ ತರಿಸಿ ಏಪ್ರಿಲ್‌ನಲ್ಲಿ ಆಡಲಾಗದೆ ಬೇಸರ ಮಾಡಿಕೊಂಡ ಬಳಗಗಳು ನನಗೆ ಗೊತ್ತು. ಪರೀಕ್ಷೆ ಸುಲಭ. ಹಿಂದಿನ ಗೆರೆ ಹತ್ತಿರ ನಿಂತು ಕೆಳಗಿನಿಂದ ಪೂರ್ತಿ ಬೀಸಿ ಹೊಡೆದರೆ ಎದುರಿನ ಹಿಂದಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬೀಳಬೇಕು, ನಿಯಮದಲ್ಲೇ ಇದೆ. ಗರಿಯ ಕಾಕ್ ಬೆಲೆ ಈಚೆಗೆ ಏರಿರುವುದರಿಂದ ಒಂದು ಡಬ್ಬಿ ವ್ಯರ್ಥವಾದರೂ ಹೊಟ್ಟೆ ಉರಿಯುತ್ತದೆ. ನಿಮ್ಮ ತಂದೆ ಎರಡು ನಂಬರ್ ಬಿಡಿ ಕಾಕ್ ಕೊಟ್ಟು, ಆಡಿ ನೋಡಿ ಡಬ್ಬಿ ತಗೊಳ್ಳಿ ಅನ್ನಲಿ. ಯಾವ ಆ್ಯಪ್ ಹಾಗೆ ಕೊಡುತ್ತದೆ?

ಬ್ಯಾಟ್ ಬಗ್ಗೆ ಬರೆಯುತ್ತಾ ಹೋದರೆ ಮುಗಿಯುವುದಿಲ್ಲ. ಇಂಗ್ಲಿಷ್ ವಿಲೋ ಬ್ಯಾಟ್ ತಗೊಂಡವರು ನಾಕಿಂಗ್ ಮಾಡಿಸದೆ ಸೀದಾ ಹೊಸ ಲೆದರ್ ಬಾಲ್‌ಗೆ ಇಳಿದರೆ ಅಂಚು ಬಿಡುತ್ತದೆ. ಮರದ ಸುತ್ತಿಗೆಯಲ್ಲಿ ಗಂಟೆಗಟ್ಟಲೆ ತಟ್ಟಬೇಕು, ಲಿನ್‌ಸೀಡ್ ಎಣ್ಣೆ ತೆಳುವಾಗಿ ಹಚ್ಚಬೇಕು, ಹಿಡಿ ಸೇರುವ ಜಾಗಕ್ಕೆ ಎಣ್ಣೆ ತಾಗಬಾರದು. ಇದನ್ನು ಮಾಡಿಕೊಡುವ ಅಂಗಡಿಗೆ ಕ್ರಿಕೆಟ್ ಕೋಚ್‌ಗಳೇ ಹುಡುಗರನ್ನು ಕಳಿಸುತ್ತಾರೆ. ಬ್ಯಾಟ್, ಚೆಂಡು ಮತ್ತಿತರ ಸಾಮಾನು ಬರುವುದು ಹೆಚ್ಚಾಗಿ ಮೀರತ್ ಮತ್ತು ಜಲಂಧರ್‌ನಿಂದ. ದೇಶ ವಿಭಜನೆ ಆದಾಗ ಸಿಯಾಲ್‌ಕೋಟ್‌ನಿಂದ ಬಂದ ಕುಶಲಕರ್ಮಿಗಳು ಈ ಎರಡು ಊರಲ್ಲಿ ನೆಲೆನಿಂತು ಬೆಳೆಸಿದ ಕಸುಬು ಅದು. ಅಲ್ಲಿ ಸಣ್ಣ ಸಣ್ಣ ತಯಾರಕರು ಇನ್ನೂ ಇದ್ದಾರೆ, ನೇರವಾಗಿ ಮಾತಾಡಿ ಪಾರ್ಸೆಲ್ ತರಿಸಬಹುದು. ದೊಡ್ಡ ಬ್ರ್ಯಾಂಡ್ ಒಂದನ್ನೇ ನಂಬಿ ಕೂರಬೇಡಿ ಅಂತ ಹೇಳಲು ನನಗೆ ಕಾರಣ ಇದೆ. ನಾನು ಡೀಲರ್ ಬೆಲೆಗೆ ದುಡ್ಡು ಕಟ್ಟಿ ತಂದ ರಾಕೆಟ್ಟನ್ನೇ ಒಂದು ಕಂಪನಿ ಅದಕ್ಕಿಂತ ಕಮ್ಮಿಗೆ ಆನ್‌ಲೈನ್ ಸೇಲ್‌ನಲ್ಲಿ ಬಿಟ್ಟಿತು. ಗಿರಾಕಿ ಮೊಬೈಲ್ ತೋರಿಸಿ, ನೀವು ಮೋಸ ಮಾಡ್ತಾ ಇದೀರಾ ಅಂತ ಕೇಳಿದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಟ್ರೆಕ್ಕಿಂಗ್ ಸಾಮಾನಿನಲ್ಲಿ ಬ್ಯಾಗು, ಜಾಕೆಟ್ಟಿಗೆ ಪೈಪೋಟಿ ಕೊಡಲು ಹೋಗಬೇಡಿ. ಡೆಕಾಥ್ಲಾನ್ ಬೆಲೆ ನಮಗೆ ಎಟುಕುವುದಿಲ್ಲ, ನಮ್ಮೂರಲ್ಲೇ ಹುಟ್ಟಿದ ವೈಲ್ಡ್‌ಕ್ರಾಫ್ಟ್‌ನ ಅಂಗಡಿಗಳೂ ಇವೆ. ಆದರೆ ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಕಡೆ ಹೋಗುವವರಿಗೆ ಜಿಗಣೆ ಸಾಕ್ಸ್ ಬೇಕೇ ಬೇಕು. ಒತ್ತಾಗಿ ನೇಯ್ದ ಕಾಟನ್ ಬಟ್ಟೆಯಲ್ಲಿ ಮೊಣಕಾಲವರೆಗೆ ಹೊಲಿದು ಮೇಲೆ ದಾರ ಕಟ್ಟುವ ಹಾಗೆ ಇರುತ್ತದಲ್ಲ, ಅದು. ನಾನು ಪಕ್ಕದ ರಸ್ತೆಯ ಟೈಲರ್ ಹತ್ತಿರ ಹೊಲಿಸುತ್ತೇನೆ, ಜೂನ್ ಬಂದರೆ ಸಾಲುವುದೇ ಇಲ್ಲ. ಹಾಗೇ ಅಟ್ಟದ ಮೇಲೆ ವರ್ಷಗಟ್ಟಲೆ ಇಟ್ಟಿದ್ದ ಶೂ ಹಾಕಿಕೊಂಡು ಹೊರಟು, ದಾರಿಯಲ್ಲಿ ಸೋಲ್ ಪುಡಿಪುಡಿಯಾಗಿ ಬಿದ್ದವರು ಎಷ್ಟೋ ಜನ. ಬಳಸದೆ ಇಟ್ಟರೂ ಆ ನಡುವಿನ ಫೋಮ್ ತೇವಕ್ಕೆ ಹಾಳಾಗುತ್ತದೆ. ಹೊರಡುವ ವಾರ ಮೊದಲೇ ತಂದು ತೋರಿಸಿ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಿದ್ದೇನೆ. ಮೇಲು ಭಾಗ ಗಟ್ಟಿಯಿದ್ದರೆ ಮೂಲೆಯ ಚಮ್ಮಾರರ ಹತ್ತಿರ ಹೊಸ ಸೋಲ್ ಹಾಕಿಸಿಕೊಡುತ್ತೇವೆ.

ಶೂ ಹಾಕಿ ನೋಡಿ, ಸೈಜ್ ಬರೆದುಕೊಂಡು, ಆನ್‌ಲೈನ್‌ನಲ್ಲಿ ತರಿಸುವವರು ನಿಮ್ಮ ತಂದೆಗೂ ಸಿಗುತ್ತಾರೆ. ಸಿಟ್ಟು ಮಾಡಿಕೊಳ್ಳಬಾರದು ಅಂತ ಅವರಿಗೆ ಹೇಳಿ. ಗ್ರಿಪ್ಪಿಗೋ ಗಾಳಿ ಪಂಪಿಗೋ ಅವರು ವಾಪಸ್ ಬರುತ್ತಾರೆ.

ಇನ್ನು ದುಡ್ಡಿನ ವಿಷಯ. ಅಂಗಡಿ ಸ್ವಂತದ್ದಾ, ಬಾಡಿಗೆಯಾ ಅಂತ ನೀವು ಬರೆದಿಲ್ಲ. ಬಾಡಿಗೆಯಾದರೆ ದೊಡ್ಡ ಜಾಗಕ್ಕೆ ಹೋಗುವ ಆಸೆ ಬೇಡ, ಇರುವ ಜಾಗದಲ್ಲೇ ಮುಂದಿನ ಗಾಜಿನ ಹತ್ತಿರ ಗಟ್ಟಿಂಗ್ ಮೆಷಿನ್ ಕಾಣುವ ಹಾಗೆ ಇಡಿ. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಹೊಸ ಮಾಲು ತುಂಬಲು ಬಡ್ಡಿ ಸಾಲ ಮಾಡಲೇಬೇಡಿ. ಫುಟ್‌ಬಾಲ್ ಶೂನಂಥದ್ದು ಸೈಜ್ ಸೈಜ್ ಇಟ್ಟುಕೊಂಡರೆ ದುಡ್ಡೆಲ್ಲ ಷೆಲ್ಫಲ್ಲೇ ಕೂರುತ್ತದೆ. ಯುಪಿಐ ಲೆಕ್ಕ ಸರಿಯಾಗಿ ಬರೆದಿಡಿ, ವರ್ಷಕ್ಕೆ ವಹಿವಾಟು ಮಿತಿ ದಾಟುವ ಹಾಗಿದ್ದರೆ ಜಿಎಸ್‌ಟಿ ನೋಂದಣಿ ಮಾಡಿಸಿ; ಬರೀ ಸಾಮಾನು ಮಾರುವವರಿಗೆ ಮಿತಿ 40 ಲಕ್ಷ, ಗಟ್ಟಿಂಗ್‌ನಂಥ ಸೇವೆಯೂ ಸೇರಿದರೆ 20 ಲಕ್ಷ. 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದು ಎಷ್ಟು ಗಾಬರಿಯಾಯಿತು ಅಂತ ನಿಮಗೂ ನೆನಪಿರಬಹುದು.

ಕೊನೆಯದಾಗಿ ಶಾಲೆಗಳು. ಟ್ರೋಫಿ, ಮೆಡಲ್, ಹೆಸರು ಹಾಕಿದ ಜೆರ್ಸಿ, ಕ್ಯಾರಮ್ ಬೋರ್ಡ್, ಥ್ರೋಬಾಲ್ ನೆಟ್, ಇವೆಲ್ಲ ದೊಡ್ಡ ಅಂಗಡಿಯಿಂದ ಬರುವುದು ಕಮ್ಮಿ. ಪಿಟಿ ಮೇಷ್ಟ್ರು ಫೋನ್ ಮಾಡುವುದು ಗೊತ್ತಿರುವ ಅಂಗಡಿಗೇ. ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತ ಎಷ್ಟು ಶಾಲೆ ಇವೆ ಅಂತ ನೀವೇ ಪಟ್ಟಿ ಮಾಡಿ, ತಂದೆಯ ಜೊತೆ ಒಂದೊಂದಕ್ಕೂ ಹೋಗಿ ಬನ್ನಿ. ಅವರ ಸ್ಪೋರ್ಟ್ಸ್ ಡೇ ಡಿಸೆಂಬರ್, ಜನವರಿಯಲ್ಲಿ ಇರುತ್ತದೆ, ಟ್ರೋಫಿ ಆರ್ಡರ್ ಅದಕ್ಕೆ ತಿಂಗಳ ಮೊದಲೇ ಹೋಗಿಬಿಟ್ಟಿರುತ್ತದೆ. ಅಕ್ಟೋಬರ್‌ನಲ್ಲಿ, ದಸರಾ ರಜೆ ಮುಗಿದ ಕೂಡಲೇ ಹೋಗಿ ಮಾತಾಡಿ.