ಗಬ್ಬದ ಆಡು ಮೇವು ಬಿಟ್ಟಿದ್ದರೆ ಎರಡು ದಿನ ಕಾಯಬೇಡ್ರಿ

ಅಣ್ಣಾರ, ಕುಷ್ಟಗಿ ಕಡೆಯ ನಿಮ್ಮ ಆಡು ನಾಲ್ಕೂವರೆ ತಿಂಗಳ ಗಬ್ಬ, ನಿನ್ನೆಯಿಂದ ಮೇವು ಮುಟ್ಟಿಲ್ಲ, ಹಿಂಡು ಬಿಟ್ಟು ಮೂಲೆಗೆ ನಿಲ್ಲುತ್ತಿದೆ, ಹಲ್ಲು ಕಡಿಯುತ್ತಿದೆ, ಕಾಲು ಬಾತಿವೆ ಅಂತ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಇಬ್ಬರು ಬಿಸಿಲಿಗೆ ಹಂಗಾಗಿದೆ, ಎರಡು ದಿನ ನೋಡ್ರಿ ಅಂದಿದ್ದಾರೆ. ಕೊನೆಯ ತಿಂಗಳ ಗಬ್ಬದಲ್ಲಿ ಎರಡು ದಿನ ಅಂದರೆ ಆಡು ನೆಲ ಹಿಡಿಯುವಷ್ಟು ಸಮಯ. ಇವತ್ತೇ ಕೆಲಸ ಶುರು ಮಾಡ್ರಿ.

ಮೊದಲು ಜ್ವರ ನೋಡ್ರಿ. ಥರ್ಮಾಮೀಟರ್ ತುದಿಗೆ ಎಣ್ಣೆ ಸವರಿ ಗುದದಲ್ಲಿ ಎರಡು ಬೆರಳಗಲ ಒಳಗೆ ಹಾಕಿ, ಸ್ವಲ್ಪ ಓರೆ ಮಾಡಿ ಕರುಳಿನ ಗೋಡೆಗೆ ತಾಗಿಸಿ ಹಿಡಿಯಿರಿ. ಹಿಕ್ಕಿಯೊಳಗೆ ಚುಚ್ಚಿಕೊಂಡರೆ ಕಡಿಮೆ ತೋರಿಸುತ್ತದೆ. ನಮ್ಮ ಕಡೆ ಬೇಸಿಗೆ ಮಧ್ಯಾಹ್ನ ಆರಾಮಿರುವ ಆಡಿನ ಮೈಯೂ ಕಾದಿರುತ್ತದೆ, ಅದಕ್ಕೇ ಬೆಳಿಗ್ಗೆ ಹೊತ್ತು ಏರುವ ಮೊದಲು ನೋಡುವುದು ಚಲೋ. 101.5ರಿಂದ 103.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. 104 ದಾಟಿ, ಮೂಗು ಸೋರುವುದು, ಕೆಮ್ಮು, ಭೇದಿ ಕೂಡಿದ್ದರೆ ಅದು ಸೋಂಕು. ಆಗ ಆಡನ್ನು ಬೇರೆ ಕಟ್ಟಿ, ಡಾಕ್ಟರರಿಗೆ ತೋರಿಸಿ. ನೀವು ಹೇಳಿದ ಲಕ್ಷಣಕ್ಕೆ ಜ್ವರ ಇಲ್ಲದಿದ್ದರೆ, ಅಥವಾ ಮೈ ತಣ್ಣಗಿದ್ದರೆ, ಹೆಚ್ಚಾಗಿ ಇದು ಗಬ್ಬದ ಕೀಟೋಸಿಸ್.

ಹಂಗ್ಯಾಕಾಗುತ್ತದೆ? ಮರಿಯ ತೂಕದ ಬಹುಪಾಲು ಬೆಳೆಯುವುದು ಕೊನೆಯ ಆರು ವಾರದಲ್ಲಿ. ಹೊಟ್ಟೆಯಲ್ಲಿ ಎರಡು ಮೂರು ಮರಿ ಇದ್ದರೆ ಮೇವಿನ ಚೀಲಕ್ಕೆ ಜಾಗ ಸಾಲದು, ಆಡು ತಿನ್ನುವುದೇ ಕಡಿಮೆಯಾಗುತ್ತದೆ. ಬರೀ ಜೋಳದ ಕಣಿಕಿ, ಶೇಂಗಾ ಹೊಟ್ಟಿನಲ್ಲಿ ಅಷ್ಟು ಶಕ್ತಿ ಇಲ್ಲ. ಆಗ ಆಡು ತನ್ನ ಮೈ ಕೊಬ್ಬು ಕರಗಿಸಿಕೊಳ್ಳುತ್ತದೆ. ಆ ಕೊಬ್ಬಿನಿಂದ ಹುಟ್ಟುವ ಕೀಟೋನ್ ಎಂಬ ವಸ್ತು ರಕ್ತದಲ್ಲಿ ತುಂಬಿ, ಇದ್ದ ಹಸಿವೂ ಹೋಗುತ್ತದೆ. ಬಡಕಲು ಆಡಿಗೂ ಬರುತ್ತದೆ, ಕೊಬ್ಬಿದ ಆಡಿಗೂ ಬರುತ್ತದೆ. ಮುಂದೆ ಕಣ್ಣು ಮಂಜಾಗಿ ಗೋಡೆಗೆ ಹಾಯುತ್ತದೆ, ತಲೆ ಮೇಲಕ್ಕೆತ್ತಿ ನಿಲ್ಲುತ್ತದೆ, ನಡುಗುತ್ತದೆ, ಆಮೇಲೆ ಏಳುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಮೆಡಿಕಲ್‌ನಲ್ಲಿ ಸಕ್ಕರೆ ಕಾಯಿಲೆಯವರಿಗೆ ಸಿಗುವ ಮೂತ್ರದ ಕೀಟೋನ್ ಪಟ್ಟಿ ಸಾಕು. ಮಲಗಿದ ಆಡನ್ನು ಎಬ್ಬಿಸಿದ ಕೂಡಲೇ ಉಚ್ಚೆ ಹೊಯ್ಯುತ್ತದೆ, ಸ್ಟೀಲ್ ಬಟ್ಟಲು ಹಿಡಿದುಕೊಂಡೇ ಎಬ್ಬಿಸ್ರಿ. ಪಟ್ಟಿ ಅದ್ದಿ, ಡಬ್ಬಿ ಮೇಲೆ ಬರೆದಷ್ಟು ಸೆಕೆಂಡ್ ಬಿಟ್ಟು ನೋಡ್ರಿ: ಕಡು ನೇರಳೆ ಬಂದರೆ ಕೀಟೋನ್ ಜಾಸ್ತಿ ಇದೆ. ಕೆಲವರಿಗೆ ಆಡಿನ ಉಸಿರಲ್ಲಿ ಸಿಹಿ ಘಾಟು ಗೊತ್ತಾಗುತ್ತದೆ, ಎಲ್ಲರ ಮೂಗಿಗೂ ಸಿಗುವುದಿಲ್ಲ.

ಔಷಧಿ ಪ್ರೊಪಿಲಿನ್ ಗ್ಲೈಕಾಲ್. ಪಶು ಔಷಧಿ ಅಂಗಡಿಯಲ್ಲಿ ಕೀಟೋಸಿಸ್ ದ್ರಾವಣ ಅಂತ ಕೇಳಿ, ಬಾಟಲಿ ಮೇಲೆ ಈ ಹೆಸರು ಇದೆಯೋ ಓದಿ ತಗೊಳ್ರಿ. 60 ಮಿ.ಲೀ. ಬೆಳಿಗ್ಗೆ, 60 ಮಿ.ಲೀ. ಸಂಜೆ, ಮೂರು ದಿನ. ಸೂಜಿ ತೆಗೆದ ದೊಡ್ಡ ಸಿರಿಂಜನ್ನು ಬಾಯಿಯ ಪಕ್ಕದಿಂದ ಇಟ್ಟು, ನಾಲಿಗೆ ಆಡುವುದನ್ನು ನೋಡಿಕೊಂಡು ಸ್ವಲ್ಪ ಸ್ವಲ್ಪ ಬಿಡ್ರಿ. ಮೂತಿ ಆಕಾಶಕ್ಕೆ ಎತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ನುಂಗಲಾರದ ಆಡಿಗೆ ಬಾಯಿಂದ ಏನೂ ಹಾಕಬೇಡ್ರಿ, ಅದಕ್ಕೆ ರಕ್ತನಾಳಕ್ಕೆ ಸಕ್ಕರೆ ದ್ರಾವಣವಾದ ಡೆಕ್ಸ್‌ಟ್ರೋಸ್ ಬೇಕು, ಅದು ಡಾಕ್ಟರರ ಕೆಲಸ.

ಬೆಲ್ಲದ ನೀರು ಕುಡಿಸ್ರಿ ಅಂತ ಒಬ್ಬರು ಬರೆದಿದ್ದಾರೆ. ಬೆಲ್ಲ ಮೇವಿನ ಚೀಲದಲ್ಲೇ ಹುಳಿಯುತ್ತದೆ, ಸಕ್ಕರೆಯಾಗಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಮೇವು ಬಿಟ್ಟ ಆಡಿಗೆ ಅರ್ಧ ಕಿಲೋ ಬೆಲ್ಲ ಅಥವಾ ಮೆಕ್ಕೆಜೋಳದ ನುಚ್ಚು ಒಮ್ಮೆಲೇ ಹಾಕಿದರೆ ಹೊಟ್ಟೆ ಹುಳಿಯಾಗಿ ಇನ್ನೊಂದು ಕಾಯಿಲೆ ಹುಟ್ಟುತ್ತದೆ.

ಕಿವಿ ತಣ್ಣಗಿದ್ದು, ಹೆಜ್ಜೆ ತೂರಾಡಿ, ಹೊಟ್ಟೆ ಉಬ್ಬಿದ್ದರೆ ಕ್ಯಾಲ್ಸಿಯಂ ಕೊರತೆಯೂ ಇರಬಹುದು. ಎಷ್ಟೋ ಸಲ ಎರಡೂ ಕೂಡಿಯೇ ಬರುತ್ತವೆ. ಡಾಕ್ಟರರನ್ನು ಕೇಳಿ, ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಬಾಟಲಿಯನ್ನು ಬಿಸಿನೀರಲ್ಲಿಟ್ಟು ಮೈ ಬಿಸಿಗೆ ತಂದು, ಭುಜದ ಹಿಂದೆ ಚರ್ಮದಡಿ ಮೂರ್ನಾಲ್ಕು ಕಡೆ ಹಂಚಿ ಒಟ್ಟು 60 ಮಿ.ಲೀ. ಹಾಕಬಹುದು. ಡೆಕ್ಸ್‌ಟ್ರೋಸ್ ಕೂಡಿದ ಬಾಟಲಿ ಚರ್ಮದಡಿ ಬೇಡ, ಬಾವು ಬರುತ್ತದೆ. ರಕ್ತನಾಳಕ್ಕೆ ನೀವಾಗೇ ಹಾಕಲು ಹೋಗಬೇಡ್ರಿ, ರಭಸವಾಗಿ ಹೋದರೆ ಹೃದಯ ನಿಲ್ಲುತ್ತದೆ. ಕಾಲು ಬಾವಿಗೆ ಅಂತ ಡೆಕ್ಸಾ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೂಡ ನೀವಾಗೇ ಮಾಡಿಸಬೇಡ್ರಿ, ದಿನ ತುಂಬುವ ಮೊದಲೇ ಮರಿ ಹಾಕಿಬಿಡಬಹುದು.

1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ಅನ್ನುವ ಸಂಚಾರಿ ಪಶು ಚಿಕಿತ್ಸಾ ಗಾಡಿ ಬರುತ್ತದೆ. ಹೋತಕ್ಕೆ ಬಿಟ್ಟ ತಾರೀಖು, ಜ್ವರ ಎಷ್ಟು, ಪಟ್ಟಿ ಯಾವ ಬಣ್ಣ, ಏನು ಕುಡಿಸಿದ್ದೀರಿ ಇಷ್ಟು ಚೀಟಿಯಲ್ಲಿ ಬರೆದಿಟ್ಟುಕೊಳ್ರಿ. ತಾರೀಖು ಬಹಳ ಮುಖ್ಯ: ಗಬ್ಬ ಸುಮಾರು 150 ದಿನ, 140 ದಾಟಿದ್ದರೆ ಮರಿ ಹಾಕಿಸಿ ತಾಯಿಯನ್ನು ಉಳಿಸುವ ದಾರಿ ಡಾಕ್ಟರರಿಗೆ ಇರುತ್ತದೆ. ಬಹಳ ಕೆಟ್ಟ ಆಡಿಗೆ ಅದು ಬೇಕಾಗಬಹುದು.

ಕಂದು ಹಾಕಿದರೆ, ಅಂದರೆ ದಿನ ತುಂಬದೆ ಮರಿ ಬಿದ್ದರೆ, ಬರಿಗೈಲಿ ಮುಟ್ಟಬೇಡ್ರಿ. ಕಂದು ಹಾಕಿಸುವ ಬ್ರುಸೆಲ್ಲಾ ರೋಗಾಣು ಇದ್ದರೆ ಮನುಷ್ಯರಿಗೂ ಅಂಟುತ್ತದೆ. ಕೈಗವಸು ಹಾಕಿ, ಕಂದು ಮತ್ತು ಮಾಸನ್ನು ಸುಣ್ಣ ಸುರಿದು ಆಳಕ್ಕೆ ಹೂಳ್ರಿ, ನಾಯಿಗೆ ಸಿಗಬಾರದು. ಮನೆಯ ಬಸುರಿ ಹೆಣ್ಣುಮಕ್ಕಳು ಆ ಕಡೆ ಸುಳಿಯಬಾರದು, ಆ ಆಡಿನ ಹಸಿ ಹಾಲು ಯಾರೂ ಕುಡಿಯಬಾರದು.

ದೊಡ್ಡಿಯ ಉಳಿದ ಗಬ್ಬದ ಆಡುಗಳಿಗೆ ಈಗಿಂದಲೇ ಮೆಕ್ಕೆಜೋಳದ ನುಚ್ಚು, ಶೇಂಗಾ ಹಿಂಡಿ, ಗೋದಿ ತೌಡು ಕೂಡಿಸಿ ದಿನಕ್ಕೆ 100 ಗ್ರಾಂನಿಂದ ಶುರು ಮಾಡಿ, ಎರಡು ವಾರದಲ್ಲಿ 300 ಗ್ರಾಂಗೆ ಏರಿಸ್ರಿ, ಎರಡು ಹೊತ್ತಿಗೆ ಹಂಚಿ. ಜೊತೆಗೆ ಖನಿಜ ಮಿಶ್ರಣ 10 ಗ್ರಾಂ, ತೊಗರಿ ಹೊಟ್ಟು, ಹಸಿರು ಸೊಪ್ಪು. ಬಳ್ಳಾರಿ ಜಾಲಿ ಕಾಯಿ ಸ್ವಲ್ಪ ಇದ್ದರೆ ಅಡ್ಡಿಯಿಲ್ಲ, ತಿಂಗಳುಗಟ್ಟಲೆ ಅದೇ ಮೇವಾದರೆ ನರಕ್ಕೆ ಪೆಟ್ಟು. ಕರಳು ಬೇನೆ ಲಸಿಕೆಯನ್ನು ಈಯುವ ಮೂರ್ನಾಲ್ಕು ವಾರ ಮೊದಲು ಹಾಕಿಸಿದರೆ ಗಿಣ್ಣದ ಮೂಲಕ ಮರಿಗೂ ರಕ್ಷಣೆ ಸಿಗುತ್ತದೆ.

ಇವತ್ತಿನ ಜ್ವರ ಮತ್ತು ಪಟ್ಟಿಯ ಬಣ್ಣ ಇಲ್ಲೇ ಹಾಕ್ರಿ, ಮುಂದಿನದು ಹೇಳುತ್ತೇನೆ.