ಹಳೇ ಗೋಡೆ, ಬಿರುಕು, ಹರಿದ ಪೋಸ್ಟರ್: ನೋಡೋದು ಹೇಗೆ?

ನಿಮ್ಮ ಪ್ರಶ್ನೆ ಇದು: "ದಿನಾ ಓಡಾಡೋ ರಸ್ತೆಯಲ್ಲೇ ಚಿತ್ರ, ವಿನ್ಯಾಸ ಕಾಣುತ್ತೆ ಅಂತ ಕೆಲವರು ಫೋಟೊ ಹಾಕುತ್ತಾರೆ. ನನಗೆ ಕಾಣೋದು ಹಳೇ ಗೋಡೆ, ತುಕ್ಕು, ಹರಿದ ಪೋಸ್ಟರ್ ಅಷ್ಟೇ. ಇದೆಲ್ಲ ಅವರ ಕಲ್ಪನೆಯಾ, ಅಥವಾ ನೋಡೋದಕ್ಕೂ ಒಂದು ರೀತಿ ಇದೆಯಾ?"

ರೀತಿ ಇದೆ. ಯಾರು ಬೇಕಾದರೂ ಕಲಿಯಬಹುದು.

ಶುರುವಿನಲ್ಲಿ ಹೆಚ್ಚಿನವರು ಗೋಡೆಯಲ್ಲಿ ಮುಖ ಹುಡುಕುತ್ತಾರೆ. ಎರಡು ತೂತು, ಕೆಳಗೊಂದು ಗೆರೆ ಇದ್ದರೆ ಸಾಕು, ನಮ್ಮ ಮಿದುಳು ಅದನ್ನು ಮುಖ ಮಾಡಿಬಿಡುತ್ತದೆ. ಪ್ಲಗ್ ಸಾಕೆಟ್ಟು, ಕಾರಿನ ಮುಂಭಾಗ ನಮ್ಮನ್ನೇ ನೋಡುತ್ತಿವೆ ಅನ್ನಿಸೋದು ಅದಕ್ಕೇ. ತೇವ ಹಿಡಿದ ಗೋಡೆಯನ್ನು ದಿಟ್ಟಿಸಿ ನೋಡಿ, ಬೆಟ್ಟ, ನದಿ, ಯುದ್ಧ, ಮುಖ ಎಲ್ಲ ಕಾಣುತ್ತವೆ ಅಂತ ಲಿಯೊನಾರ್ಡೊ ಡಾ ವಿಂಚಿ ಕೂಡ ಚಿತ್ರಕಾರರಿಗೆ ಹೇಳಿದ್ದ. ಖುಷಿ ಕೊಡುವ ಆಟವೇ. ಆದರೆ ಮುಖ ಸಿಕ್ಕ ತಕ್ಷಣ ನಾವು ಗೋಡೆ ನೋಡುವುದನ್ನು ಬಿಟ್ಟುಬಿಡುತ್ತೇವೆ. ನಾನು ಈಗ ಬೇರೆ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ಬರೆದದ್ದು ಯಾರು? ಮಳೆಯಾ, ಬಿಸಿಲಾ, ತುಕ್ಕಾ, ಓಡಾಡುವ ಜನರ ಕಾಲಾ? ಹೀಗೆ ಕೇಳಿಕೊಂಡು ನೋಡಿದರೆ ಕಣ್ಣು ತಾನಾಗಿಯೇ ವಿವರಕ್ಕೆ ಇಳಿಯುತ್ತದೆ.

ಒಣಗಿ ಬಿರಿದ ಪೇಂಟನ್ನೇ ತಗೊಳ್ಳಿ. ದೂರದಿಂದ ಗೋಜಲು. ಒಂದು ಗೇಣು ಹತ್ತಿರ ಹೋಗಿ, ಎರಡು ಬಿರುಕು ಸೇರುವ ಜಾಗ ನೋಡಿ. ತುಂಬ ಕಡೆ ಒಂದು ಬಿರುಕು ನಿಲ್ಲದೆ ಮುಂದೆ ಹೋಗಿರುತ್ತದೆ. ಇನ್ನೊಂದು ಬಂದು ಅದಕ್ಕೆ ತಾಗಿ, ಅಲ್ಲೇ ಮುಗಿದಿರುತ್ತದೆ. ನಿಲ್ಲದೆ ಹೋದದ್ದು ಮೊದಲು ಬಂದದ್ದು, ತಾಗಿ ನಿಂತದ್ದು ಆಮೇಲೆ ಬಂದದ್ದು. ಈಗ ತಾಗಿರುವ ಕೋನ ನೋಡಿ, ಹೆಚ್ಚುಕಮ್ಮಿ 90 ಡಿಗ್ರಿ ಇರುತ್ತದೆ. ಇದಕ್ಕೆ ಕಾರಣವಿದೆ. ಪೇಂಟ್ ಒಣಗುತ್ತಾ ಕುಗ್ಗುತ್ತದೆ, ಗೋಡೆ ಅಷ್ಟು ಕುಗ್ಗುವುದಿಲ್ಲ. ಹಾಗಾಗಿ ಪೇಂಟಿನೊಳಗೆ ಎಲ್ಲ ದಿಕ್ಕಿಗೂ ಎಳೆತ ಹುಟ್ಟುತ್ತದೆ. ಮೊದಲ ಬಿರುಕು ಬಿಟ್ಟಾಗ ಅದರ ಎರಡೂ ಪಕ್ಕದಲ್ಲಿ ಅಡ್ಡ ಎಳೆತ ಸಡಿಲವಾಗುತ್ತದೆ. ಬಿರುಕಿನ ಉದ್ದಕ್ಕೆ ಇರುವ ಎಳೆತ ಮಾತ್ರ ಉಳಿಯುತ್ತದೆ. ಆ ಎಳೆತಕ್ಕೆ ಮುಂದಿನ ಬಿರುಕು ಬರಬೇಕಾದರೆ ಮೊದಲನೆಯದಕ್ಕೆ ನೇರ ಅಡ್ಡವಾಗಿಯೇ ಬರಬೇಕು. ಅಂದರೆ ಆ ಗೋಡೆಯಲ್ಲಿ ಯಾವ ಗೆರೆ ಮೊದಲು, ಯಾವುದು ಆಮೇಲೆ ಅಂತ ನೀವು ನಿಂತಲ್ಲೇ ಓದಬಹುದು! ಇದು ಗೊತ್ತಾದ ಮೇಲೆ ಬಿರಿದ ಗೋಡೆಯ ಮುಂದೆ ಸುಮ್ನೆ ಹಾದುಹೋಗೋದು ನನಗಂತೂ ಕಷ್ಟ.

ಒಣಗಿದ ಕೆಸರಲ್ಲೂ ಇದೇ ಗೆರೆಗಳಿವೆ, ಆದರೆ ಅಲ್ಲಿ ಇನ್ನೊಂದು ಸೊಗಸು ಇದೆ. ಒಂದೇ ಜಾಗ ಮತ್ತೆ ಮತ್ತೆ ನೆಂದು ಒಣಗಿದರೆ ಬಿರುಕುಗಳು ನಿಧಾನವಾಗಿ ಕೋನ ಬದಲಿಸುತ್ತವೆ. ಚೌಕದಂತಿದ್ದ ಬಿಲ್ಲೆಗಳು ಆರು ಮೂಲೆಯ ಬಿಲ್ಲೆಗಳಾಗುತ್ತಾ ಹೋಗುತ್ತವೆ, ಮೂರು ಗೆರೆ ಸೇರುವ ಕಡೆ ಕೋನ 120 ಡಿಗ್ರಿಯ ಹತ್ತಿರ ಬರುತ್ತದೆ.

ಬೆಳಕೂ ಹೀಗೇ ಬರೆಯುತ್ತದೆ. ಬಿಸಿಲು ಓರೆಯಾಗಿರುವಾಗ ಗಾಜಿನ ಕಟ್ಟಡದ ಎದುರಿನ ಗೋಡೆ ನೋಡಿ. ಕಿಟಕಿ ನೇರ ಆಯತ, ಆದರೆ ಅದರಿಂದ ಚಿಮ್ಮಿ ಗೋಡೆಗೆ ಬಿದ್ದ ಬೆಳಕು ಹಾಗಿರುವುದಿಲ್ಲ. ನಡು ಸಣ್ಣಗಾಗಿ, ಮೂಲೆ ಚಾಚಿಕೊಂಡು, ಕೆಲವು ಸಲ ಗುಣಾಕಾರದ ಗುರುತಿನಂತೆ ಇರುತ್ತದೆ. ಎರಡು ಪದರದ ಕಿಟಕಿಯಲ್ಲಿ ಗಾಜುಗಳ ನಡುವೆ ಗಾಳಿಯನ್ನೋ ಬೇರೆ ಅನಿಲವನ್ನೋ ತುಂಬಿ ಮುಚ್ಚಿರುತ್ತಾರೆ. ಹೊರಗಿನ ಒತ್ತಡ, ಬಿಸಿ ಬದಲಾದಂತೆ ಗಾಜು ಚೂರೇ ಚೂರು ಬಾಗುತ್ತದೆ. ಗಾಜನ್ನೇ ನೋಡಿದರೆ ಆ ಬಾಗು ಗೊತ್ತಾಗುವುದು ಕಷ್ಟ, ಎದುರು ಗೋಡೆಯಲ್ಲಿ ದೊಡ್ಡದಾಗಿ ಕಾಣುತ್ತದೆ.

ಮರದ ನೆರಳಲ್ಲಿ ನೆಲದ ಮೇಲಿನ ದುಂಡು ಬೆಳಕಿನ ಚುಕ್ಕೆಗಳನ್ನು ನೀವೂ ನೋಡಿರುತ್ತೀರಿ. ಎಲೆಗಳ ಸಂದು ಹೇಗೇ ಇರಲಿ, ಚುಕ್ಕೆ ದುಂಡಗೇ ಬರುತ್ತದೆ, ಯಾಕೆಂದರೆ ಪ್ರತಿ ಚುಕ್ಕೆಯೂ ಸೂರ್ಯನ ಬಿಂಬ. ಪಾರ್ಶ್ವ ಗ್ರಹಣದ ಹೊತ್ತಿಗೆ ಅವೆಲ್ಲ ಒಟ್ಟಿಗೆ ಕುಡುಗೋಲಿನ ಆಕಾರಕ್ಕೆ ತಿರುಗುತ್ತವೆ. ಒದ್ದೆ ರಸ್ತೆ ಮೇಲೆ ಎಣ್ಣೆ ಚೆಲ್ಲಿದಾಗ ಕಾಣುವ ಬಣ್ಣಗಳನ್ನು ಬರೆಯುವುದೂ ಬೆಳಕೇ. ಎಣ್ಣೆಯ ಪದರ ಎಷ್ಟು ದಪ್ಪ ಅನ್ನೋದರ ಮೇಲೆ ಬಣ್ಣ ಬದಲಾಗುತ್ತದೆ.

ಇನ್ನು ಪೋಸ್ಟರ್. ನೀವು ಪಟ್ಟಿಯಲ್ಲಿ ಸೇರಿಸಿದ್ದೀರಲ್ಲ, ಅದನ್ನಂತೂ ದಯವಿಟ್ಟು ಬಿಡಬೇಡಿ. 1949ರಲ್ಲಿ ಫ್ರಾನ್ಸಿನ ಕಲಾವಿದರಾದ ಜಾಕ್ ವಿಲ್‌ಗ್ಲೇ ಮತ್ತು ರೇಮಂಡ್ ಹೈನ್ಸ್ ಪ್ಯಾರಿಸ್ಸಿನ ಗೋಡೆಗಳಿಂದ ಹರಿದ ಪೋಸ್ಟರುಗಳನ್ನು ಕಿತ್ತು ತರಲು ಶುರು ಮಾಡಿದರು. ಒಂದರ ಮೇಲೊಂದು ಅಂಟಿಸಿದ ಕಾಗದ, ದಾರಿಹೋಕರು ಹರಿದಷ್ಟು ಹರಿದು, ಕೆಳಗಿನ ಅಕ್ಷರ, ಬಣ್ಣ ಇಣುಕುತ್ತಿರುವಂಥವು. "ಇದರ ಕಲಾವಿದ ನಾನಲ್ಲ, ಹರಿದ ಆ ಹೆಸರಿಲ್ಲದ ಜನ" ಅನ್ನುವುದು ವಿಲ್‌ಗ್ಲೇ ನಿಲುವಾಗಿತ್ತು. ಆತನ ಕೆಲಸ ಎಲ್ಲಿಂದ ಎಲ್ಲಿಯವರೆಗೆ ಕಿತ್ತು ತರಬೇಕು ಅಂತ ಆರಿಸುವುದಾಗಿತ್ತು. ಅಮೆರಿಕದ ಛಾಯಾಗ್ರಾಹಕ ಆರನ್ ಸಿಸ್ಕಿಂಡ್ 1940ರ ದಶಕದಿಂದ ಸುಲಿದ ಪೇಂಟ್, ಗೋಡೆಗಳ ಫೋಟೊ ತೆಗೆದದ್ದೂ ಇದೇ ದಾರಿಯಲ್ಲಿ. ಕೆಲವನ್ನು ನೋಡಿದರೆ ಅಮೂರ್ತ ಚಿತ್ರವೋ ಗೋಡೆಯೋ ಹೇಳುವುದು ಕಷ್ಟ.

ಹಾಗಾಗಿ "ಕಲ್ಪನೆಯಾ" ಅನ್ನುವ ಪ್ರಶ್ನೆಗೆ ನನ್ನ ಉತ್ತರ: ಗೆರೆ, ಬಣ್ಣ, ಕೋನ ಎಲ್ಲವೂ ಅಲ್ಲಿ ನಿಜವಾಗಿಯೇ ಇವೆ. ನೋಡುವವರು ಸೇರಿಸುವುದು ಚೌಕಟ್ಟು ಮಾತ್ರ. ಅದು ಸಣ್ಣ ಕೆಲಸವೇನಲ್ಲ ಅಂತ ನನ್ನ ಅನಿಸಿಕೆ.

ಚೌಕಟ್ಟು ಹಾಕೋದು ಅಭ್ಯಾಸದಿಂದ ಬರುತ್ತದೆ. ಹೊಸ ಜಾಗಕ್ಕೆ ಹೋಗಬೇಕಿಲ್ಲ, ದಿನಾ ಕಾಣುವ ಒಂದೇ ಗೋಡೆ ಆರಿಸಿಕೊಳ್ಳಿ. ಅದನ್ನು ಬೆಳಿಗ್ಗೆ, ನಡುಮಧ್ಯಾಹ್ನ, ಮಳೆ ನಿಂತ ಮೇಲೆ ನೋಡಿ. ನಡುಮಧ್ಯಾಹ್ನ ಸಪ್ಪೆಯಾಗಿ ಕಂಡ ಗೋಡೆಗೆ ಓರೆ ಬೆಳಕು ಬಿದ್ದರೆ ಪ್ರತಿ ಉಬ್ಬಿಗೂ ಒಂದು ನೆರಳು ಮೂಡುತ್ತದೆ. ಮೊಬೈಲಲ್ಲಿ ಫೋಟೊ ತೆಗೆಯುವುದಾದರೆ ಗೋಡೆಗೆ ಎದುರಾಗಿ ನಿಂತು, ಫೋನನ್ನು ಗೋಡೆಗೆ ಸಮಾನಾಂತರವಾಗಿ ಹಿಡಿಯಿರಿ. ಆಮೇಲೆ ಹತ್ತಿರ ಹೋಗಿ, ನೆಲ, ಆಕಾಶ, ಬಾಗಿಲು, ಬೋರ್ಡು ಯಾವುದೂ ಫ್ರೇಮಿಗೆ ಬರದಂತೆ ನೋಡಿಕೊಳ್ಳಿ. ಅಳತೆ ಹೇಳುವ ವಸ್ತು ಒಂದೂ ಇಲ್ಲದಿದ್ದಾಗ ಅಂಗೈಯಷ್ಟು ತುಕ್ಕು ವಿಮಾನದಿಂದ ನೋಡಿದ ನದೀಮುಖದಂತೆ ಕಾಣಬಹುದು. ಫ್ಲ್ಯಾಶ್ ಮಾತ್ರ ಹಾಕಬೇಡಿ, ನೆರಳೆಲ್ಲ ಅಳಿಸಿಹೋಗುತ್ತದೆ.